ಬೋರ್ಡು ಖಾಲಿ ಇದೆ, ಸ್ವಾಮಿ

ವಕೀಲರ ಸಂಘದ ಬಾಗಿಲ ಪಕ್ಕ ಒಂದು ಕರಿ ಬೋರ್ಡಿದೆ. ಶಾಲೆಯಲ್ಲಿ ಇರುತ್ತದಲ್ಲ, ಅಂಥದ್ದೇ. ಒಂದು ಮೂಲೆ ಒಡೆದಿದೆ, ಗೆದ್ದಲು ಹಿಡಿದ ಚೌಕಟ್ಟನ್ನು ಎರಡು ಸಲ ಬದಲಾಯಿಸಿದ್ದಾರೆ. ವರ್ಷದ ಬಹುಪಾಲು ದಿನ ಅದರ ಮೇಲೆ ಏನೂ ಇರುವುದಿಲ್ಲ. ಸಂಘದ ಸದಸ್ಯರೊಬ್ಬರು ತೀರಿಕೊಂಡ ದಿನ ಮಾತ್ರ, ಬೆಳಿಗ್ಗೆ ಹತ್ತೂಕಾಲರೊಳಗೆ, ಅಧ್ಯಕ್ಷರಾದವರು ತಮ್ಮ ಕೈಯಾರೆ ಸೀಮೆಸುಣ್ಣದಲ್ಲಿ ಸತ್ತವರ ಹೆಸರು ಬರೆಯುತ್ತಾರೆ. ಬರೆದರೆ ಮುಗಿಯಿತು. ಆ ದಿನ ಒಬ್ಬನೇ ಒಬ್ಬ ವಕೀಲ ಕೋರ್ಟ್ ಹಾಲಿನ ಹೊಸ್ತಿಲು ತುಳಿಯುವಂತಿಲ್ಲ. ನ್ಯಾಯಾಧೀಶರು ಬಂದು ಕೂರುತ್ತಾರೆ, ಬೆಂಚ್ ಕ್ಲರ್ಕು ಒಂದೊಂದೇ ಕೇಸಿನ ನಂಬರು ಕೂಗಿ ಮುಂದಿನ ತಾರೀಖು ಹೇಳುತ್ತಾನೆ, ಅರ್ಧ ಗಂಟೆಯಲ್ಲಿ ಎಲ್ಲರೂ ಎದ್ದು ಹೋಗುತ್ತಾರೆ. ಮುಂದಿನ ಕೆಲಸದ ದಿನ, ಬರೆದ ಕೈಯೇ ಒದ್ದೆ ಬಟ್ಟೆ ಹಿಡಿದು ಆ ಹೆಸರನ್ನು ಒರೆಸಬೇಕು.

ಬೋರ್ಡು ಖಾಲಿ ಇದ್ದ ದಿನದ ನಿಯಮವೂ ಅಷ್ಟೇ ಬಿಗಿ. ಅವತ್ತು ಕೋರ್ಟಿಗೆ ಹೋಗದೆ ಕಕ್ಷಿದಾರನ ಕೈಬಿಟ್ಟ ವಕೀಲನಿಗೆ ಸಂಘದಲ್ಲಿ ಎಲ್ಲರೆದುರು ಛೀಮಾರಿ. ಇದ್ಯಾವುದೂ ಯಾವ ಕಾನೂನು ಪುಸ್ತಕದಲ್ಲೂ ಇಲ್ಲ. ಕಾನೂನು ಮುರಿದ ವಕೀಲರನ್ನು ಬೇಕಾದಷ್ಟು ತೋರಿಸಬಹುದು. ಈ ಬೋರ್ಡನ್ನು ಮೀರಿದವನನ್ನು ಮಾತ್ರ ಯಾರೂ ಕಂಡಿಲ್ಲ.

ಈ ಕಥೆ ನಡೆದಾಗ ಸಂಘದ ಅಧ್ಯಕ್ಷೆ ಬೇಡಮ್ಮ. ಅಪ್ಪ ಅಮ್ಮ ಇಟ್ಟ ಹೆಸರು ಅದಲ್ಲ ಬಿಡಿ, ಯಾವ ಅಪ್ಪ ಅಮ್ಮ ಹಾಗೆ ಇಡುತ್ತಾರೆ? ವಕೀಲಿಕೆ ಶುರುಮಾಡಿದ ಮೊದಲ ವರ್ಷ, ಎದುರು ಪಕ್ಷದವರು ಎದ್ದು ವಾಯಿದೆ ಕೇಳಿದಾಗಲೆಲ್ಲ, ಅಂದರೆ ಕೇಸನ್ನು ಇನ್ನೊಂದು ದಿನಕ್ಕೆ ಹಾಕಿ ಎಂದಾಗಲೆಲ್ಲ, ಈ ಹುಡುಗಿ ತಟ್ಟನೆ ಎದ್ದು “ವಾಯಿದೆ ಬೇಡ, ಸ್ವಾಮಿ” ಅನ್ನುತ್ತಿದ್ದಳು. ನ್ಯಾಯಾಧೀಶರೇ “ವಾಯಿದೆ ಕೊಡಲಾ?” ಎಂದರೂ “ಬೇಡ, ಸ್ವಾಮಿ.” ಹಿರಿಯ ವಕೀಲರು ನಕ್ಕು ನಕ್ಕು ಸುಸ್ತಾಗಿ ಬೇಡಮ್ಮ ಎಂದು ಕರೆದರು. ಹೆಸರು ಅಂಟಿಕೊಂಡಿತು. ಈಗ ವಯಸ್ಸು ಐವತ್ತೆಂಟು. ಮನೆಯಲ್ಲಿ ಗಂಡ, ಗಣಿತದ ಮೇಷ್ಟ್ರು, ಜಗಳ ಬಂದಾಗ ಅದೇ ಹೆಸರಲ್ಲಿ ಕರೆಯುತ್ತಾನೆ.

ಅವಳು ಬಂದ ಕಾಲಕ್ಕೆ ಸಂಘದಲ್ಲಿ ಹೆಂಗಸರಿಗೆ ಕುರ್ಚಿಯೇ ಇರಲಿಲ್ಲ. ಇದ್ದ ಹೆಂಗಸೇ ಇವಳೊಬ್ಬಳು. ಲೈಬ್ರರಿಯ ಕಿಟಕಿ ಕಟ್ಟೆಯ ಮೇಲೆ ಕೂತು ಫೈಲು ಓದುತ್ತಿದ್ದಳು. ಶೌಚಾಲಯವಂತೂ ಕೇಳಲೇಬೇಡಿ, ಹದಿನಾಲ್ಕು ಅರ್ಜಿ ಬರೆದಳು, ಹದಿನಾಲ್ಕನೆಯದಕ್ಕೆ ಒಂದು ಕಟ್ಟಿಸಿದರು. ಇವತ್ತಿಗೂ ಅದನ್ನು ಬೇಡಮ್ಮನ ಬಂಗಲೆ ಎನ್ನುತ್ತಾರೆ. ಮೆಟ್ಟಿಲ ಕೆಳಗಿನ ಸಾಮಾನು ಕೋಣೆಯನ್ನು ಗುಡಿಸಿ, ಕಾಲು ಮುರಿದ ಮೇಜಿಗೆ ಇಟ್ಟಿಗೆ ಕೊಟ್ಟು, ವಕೀಲರನ್ನು ಇಡಲು ಕೈಲಾಗದವರಿಗೆಂದು ಅಲ್ಲೊಂದು ಉಚಿತ ನೆರವಿನ ಕೇಂದ್ರ ತೆರೆದಳು. ಶನಿವಾರ ಬಂದರೆ ಜೈಲು. ಮದುವೆ ಆದ ಮಾರನೆಯ ದಿನವೂ ಶನಿವಾರವಾಗಿತ್ತು, ಅವತ್ತೂ ಜೈಲಿಗೆ ಹೋದಳು. ಆ ವಿಷಯದಲ್ಲಿ ಮೇಷ್ಟ್ರಿಗೆ ಇನ್ನೂ ಒಂದಿಷ್ಟು ಮುನಿಸಿದೆ. ಆಮೇಲೆ ಕಾರ್ಯದರ್ಶಿ, ಉಪಾಧ್ಯಕ್ಷೆ, ಸರ್ಕಾರದ ಎರಡು ಜೈಲು ಸುಧಾರಣೆ ಸಮಿತಿಗಳಲ್ಲಿ ಸದಸ್ಯೆ, ಈಗ ಮೂರನೇ ಸಲ ಅಧ್ಯಕ್ಷೆ.

ಇದಕ್ಕೆಲ್ಲ ಬೆನ್ನಿಗೆ ನಿಂತವರು ದೊಡ್ಡವರು. ಇಡೀ ಕೋರ್ಟು ಅವರನ್ನು ಕರೆಯುತ್ತಿದ್ದುದು ಹಾಗೆಯೇ. ಯಾವ ಆಫೀಸೂ ಸೇರಿಸಿಕೊಳ್ಳದ ಹುಡುಗಿಯನ್ನು ಜೂನಿಯರ್ ಮಾಡಿಕೊಂಡರು. ಮೊದಲ ದಿನ ಅವಳನ್ನು ಕರೆದುಕೊಂಡು ಸಂಘಕ್ಕೆ ಹೋದಾಗ ಯಾರೋ ಮೂಗು ಮುರಿದು, “ಏನ್ ಸಾರ್, ಹೆಣ್ಣುಮಕ್ಕಳು ವಾದ ಮಾಡೋಕೆ ಬಂದ್ರೆ ನಾವೇನ್ ಮನೇಲಿ ಪಾತ್ರೆ ತೊಳೀಬೇಕಾ?” ಎಂದರಂತೆ. ದೊಡ್ಡವರು, “ತೊಳಿ ಮಾರಾಯ, ಅದಾದ್ರೂ ನೆಟ್ಟಗೆ ಬರುತ್ತೇನೋ ನೋಡೋಣ” ಎಂದರು. ಆಮೇಲೆ ಅವಳ ಸುದ್ದಿಗೆ ಯಾರೂ ಬರಲಿಲ್ಲ. ಅವರ ಹೆಂಡತಿಯನ್ನು ಅವಳು ಅಕ್ಕ ಎಂದೇ ಕರೆದಳು. ಅಕ್ಕನ ಅಡುಗೆಮನೆಯಲ್ಲಿ ಒಂದು ತಟ್ಟೆ ಅವಳದೇ ಆಗಿತ್ತು, ಅಂಚಿನಲ್ಲಿ ನೀಲಿ ಗೆರೆ ಇದ್ದದ್ದು.

ಇಪ್ಪತ್ತಾರು ವರ್ಷದ ಹಿಂದೆ ದೊಡ್ಡವರು ಅಧ್ಯಕ್ಷರು, ಬೇಡಮ್ಮ ಕಾರ್ಯದರ್ಶಿ. ದೊಡ್ಡವರ ಬರಹ ಅವರಿಗೇ ಓದಲು ಬರುತ್ತಿರಲಿಲ್ಲ. ಹಾಗಾಗಿ ಸೀಮೆಸುಣ್ಣವನ್ನು ಇವಳ ಕೈಗೆ ಕೊಟ್ಟು, “ನೀನೇ ಬರಿ, ನಿನ್ನ ಅಕ್ಷರ ದುಂಡಗಿದೆ” ಎನ್ನುತ್ತಿದ್ದರು. ಒಂದು ಬೆಳಿಗ್ಗೆ, ಬಾಡಿಗೆ ಕೇಸುಗಳನ್ನು ನಡೆಸುತ್ತಿದ್ದ ಒಬ್ಬ ಮುದುಕರು ತೀರಿಹೋದರು. ಬೇಡಮ್ಮ ಹೆಸರು ಬರೆದಳು. ಅವತ್ತಿನ ಪಟ್ಟಿಯಲ್ಲಿ ಹದಿನೇಳನೆಯದು ಅವಳದೇ ಕೇಸು: ಪಾತ್ರೆ ತೊಳೆಯುವ ಮನೆಯಲ್ಲಿ ಬಳೆ ಕದ್ದಳೆಂದು ಜೈಲಿಗೆ ಹೋಗಿದ್ದ ಹತ್ತೊಂಬತ್ತರ ಹುಡುಗಿ, ಎಂಟು ತಿಂಗಳ ಬಸುರಿ, ಜಾಮೀನು ಅರ್ಜಿ. ಬೆಂಚ್ ಕ್ಲರ್ಕು ಹನ್ನೆರಡು ದಿನ ಮುಂದಕ್ಕೆ ತಾರೀಖು ಕೊಟ್ಟ. ಒಂಬತ್ತನೆಯ ದಿನ ಜೈಲಿನಲ್ಲೇ ಹೆರಿಗೆ ನೋವು ಬಂತು, ಗಾಡಿ ಬರುವುದು ತಡವಾಯಿತು, ಮಗು ಉಳಿಯಲಿಲ್ಲ.

ಹನ್ನೆರಡನೆಯ ದಿನ ಜಾಮೀನೂ ಸಿಕ್ಕಿತು. ಆ ಹುಡುಗಿ ಬರಿಗೈಯಲ್ಲಿ ಜೈಲಿನ ಬಾಗಿಲು ದಾಟಿ ಬಂದು ಬೇಡಮ್ಮನನ್ನು ಒಂದೇ ಮಾತು ಕೇಳಿದಳು: “ಅವತ್ತು ಯಾಕಮ್ಮಾ ಕೋರ್ಟ್ ಇರ್ಲಿಲ್ಲ?”

“ಒಬ್ರು ವಕೀಲರು ತೀರ್ಕೊಂಡಿದ್ರಮ್ಮಾ.”

“ಅಯ್ಯೋ ಪಾಪ,” ಎಂದಳು ಹುಡುಗಿ. ವ್ಯಂಗ್ಯವಿರಲಿಲ್ಲ, ನಿಜವಾಗಿ ಮರುಗಿ ಹೇಳಿದ್ದಳು.

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮಣ್ಣೆರಚಿ ಶಾಪ ಹಾಕಿದ್ದರೂ ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು. ಆ “ಪಾಪ” ಮಾತ್ರ ಇಪ್ಪತ್ತಾರು ವರ್ಷ ಬೇಡಮ್ಮನ ಗಂಟಲಲ್ಲೇ ಉಳಿಯಿತು. ಮೇಷ್ಟ್ರಿಗೂ ಅವಳು ಇದನ್ನು ಹೇಳಿದ್ದು ಒಂದೇ ಸಲ.

ಹೋದ ವರ್ಷ ಅಧ್ಯಕ್ಷೆಯಾಗಿ ಸಂಘದ ಸಭೆಯಲ್ಲಿ ಒಂದು ಠರಾವು ಮಂಡಿಸಿದಳು: ಹೆಸರನ್ನು ಸಂಜೆ ಐದು ಗಂಟೆಗೆ ಬರೆಯೋಣ, ಹಗಲು ಕೋರ್ಟು ನಡೆಯಲಿ, ಸಂಜೆ ಎಲ್ಲರೂ ಸೇರಿ ಮೌನ ಆಚರಿಸೋಣ. ಅದಕ್ಕೆ ವಿರುದ್ಧವಾಗಿ ಮೊದಲು ಎದ್ದು ನಿಂತವರೇ ದೊಡ್ಡವರು. ಎಂಬತ್ತಮೂರು ವರ್ಷ, ಕೈಯಲ್ಲಿ ಕೋಲು. “ಸತ್ತವನಿಗೆ ಒಂದು ದಿನ ಕೊಡೋಕಾಗದ ವೃತ್ತಿ, ಬದುಕಿರೋರಿಗೆ ಏನ್ ಕೊಡುತ್ತೆ?” ಎಂದರು. ಚಪ್ಪಾಳೆಯೋ ಚಪ್ಪಾಳೆ. ಠರಾವಿಗೆ ನಲವತ್ತೊಂದು ಮತ ಬಿತ್ತು, ವಿರುದ್ಧ ಮುನ್ನೂರು ಚಿಲ್ಲರೆ.

ಸಭೆ ಮುಗಿದ ಮೇಲೆ ದೊಡ್ಡವರೇ ಅವಳನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಚಹಾ ಕುಡಿಸಿದರು. “ಸಿಟ್ಟಾ?”

“ಸಿಟ್ಟೇ ಸಾರ್.”

“ಇರ್ಲಿ, ಸಿಟ್ಟಿರ್ಲಿ. ನನ್ನದೊಂದು ಆಸೆ ಇದೆ ಕಣೇ. ಐವತ್ತೇಳು ವರ್ಷ ಈ ಕೋರ್ಟಿಗೆ ಬಂದಿದೀನಿ, ಒಂದಿನಾನೂ ತಪ್ಪಿಸಿಲ್ಲ. ಒಂದು ದಿನ, ಒಂದೇ ದಿನ, ನನಗೋಸ್ಕರ ಇದು ಸುಮ್ಮನಿರಬೇಕು. ನನ್ನ ಹೆಸರನ್ನ ನೀನೇ ಬರೀಬೇಕು. ದುಂಡಗೆ.”

ಅವಳು ನಕ್ಕು, “ನೀವು ಬೋರ್ಡಲ್ಲಿ ನನ್ನ ಹೆಸರು ನೋಡಿಯೇ ಹೋಗೋದು ಬಿಡಿ ಸಾರ್” ಎಂದಳು. ಅವರೂ ನಕ್ಕರು.

ದೀರ್ಘ ರಜೆಗೆ ಮುಂಚಿನ ಕೊನೆಯ ಕೆಲಸದ ದಿನ ಅದು, ಶುಕ್ರವಾರ. ಮಾರನೆಯ ದಿನದಿಂದ ಕೋರ್ಟಿಗೆ ನಲವತ್ತು ದಿನ ಬೀಗ. ಬೆಳಿಗ್ಗೆ ಆರಕ್ಕೆ ಫೋನು ಬಂತು. ಮೇಷ್ಟ್ರು ಎತ್ತಿಕೊಂಡು, ಕೇಳಿ, ಅವಳ ಕೈಗೆ ಕೊಟ್ಟ. ದೊಡ್ಡವರು ಬೆಳಗಿನ ಜಾವ ತೀರಿಕೊಂಡಿದ್ದರು.

ದೊಡ್ಡವರನ್ನು ಮನೆಯ ಮುಂದಿನ ಕೋಣೆಯಲ್ಲಿ, ಅವರ ಆಫೀಸಿನಲ್ಲೇ ಮಲಗಿಸಿದ್ದರು. ಸುತ್ತ ಪುಸ್ತಕದ ಕಪಾಟುಗಳು. ಮೇಜಿನ ಮೇಲೆ ಕನ್ನಡಕ ಮಡಚದೆ ಹಾಗೇ ಇತ್ತು. ಬೇಡಮ್ಮ ಅವರ ಕಾಲ ಹತ್ತಿರ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪ ಹೋದಾಗಲೂ ಅಷ್ಟು ಅತ್ತಿರಲಿಲ್ಲ. ಅಕ್ಕ ಬಂದು ಅವಳ ತಲೆಯ ಮೇಲೆ ಕೈಯಿಟ್ಟಳು.

“ನಿನ್ನೆ ಸಂಜೆನೂ ನಿನ್ನ ಮಾತೇ ಆಡಿದ್ರು ಕಣೇ. ಬೋರ್ಡಲ್ಲಿ ನೀನೇ ಬರೀತೀಯ ಅಲ್ವಾ?”

“ಬರೀತೀನಿ ಅಕ್ಕಾ.”

“ಮಣ್ಣು ಮೂರು ಗಂಟೆಗೆ. ಕೋರ್ಟಿಂದ ಎಲ್ರೂ ಬರ್ಲಿ ಅಂತ ಆ ಹೊತ್ತಿಟ್ಟಿದೀವಿ.”

ಆಗ ಅವಳು ಬೇರೇನೂ ಹೇಳಲಿಲ್ಲ. ಹೇಳಬೇಕಿತ್ತು. ಅವತ್ತಿನ ಪಟ್ಟಿ ಅವಳ ಚೀಲದಲ್ಲೇ ಇತ್ತು, ಹಿಂದಿನ ಸಂಜೆಯೇ ಓದಿದ್ದಳು. ರಜೆಗೆ ಮುಂಚಿನ ದಿನವಾದ್ದರಿಂದ ಜಾಮೀನು ಅರ್ಜಿಗಳೇ ಅರವತ್ತಮೂರು. ಮೂವತ್ತೆಂಟನೆಯದು ನೆರವು ಕೇಂದ್ರದ್ದು: ಬಟ್ಟೆ ಅಂಗಡಿ ಗುಡಿಸುತ್ತಿದ್ದ ಹೆಂಗಸು, ಅಂಗಡಿಯ ಕಳ್ಳತನದಲ್ಲಿ ಇವಳೂ ಕೈಹಾಕಿದ್ದಾಳೆಂದು ಒಳಗಿಟ್ಟು ಎಂಟು ತಿಂಗಳು. ಹೊರಗೆ ನೋಡಿಕೊಳ್ಳುವವರಿಲ್ಲದ್ದರಿಂದ ಮೂರು ವರ್ಷದ ಮಗಳೂ ಅಮ್ಮನ ಜೊತೆಗೇ ಜೈಲಿನಲ್ಲಿ. ಕಳೆದ ಶನಿವಾರ ಹೋದಾಗ ಆ ಮಗುವಿನ ಎದೆಯಿಂದ ಗೊರಗೊರ ಸದ್ದು ಬರುತ್ತಿತ್ತು. ಒಂದು ತಿಂಗಳಿಂದ ಹಾಗೇ, ಗೋಡೆಯೆಲ್ಲ ಥಂಡಿ ಎಂದಿದ್ದಳು ತಾಯಿ. “ಶುಕ್ರವಾರ ಖಂಡಿತ” ಎಂದು ಬೇಡಮ್ಮ ಬಾಯಿಬಿಟ್ಟು ಹೇಳಿ ಬಂದಿದ್ದಳು.

ಕೋರ್ಟಿಗೆ ಅವಳು ನಡೆದೇ ಹೊರಟಳು. ಒಂದು ಮಾತು ಸತ್ತವರ ಮುಂದೆ ಕೂತು ಕೊಟ್ಟಿದ್ದು, ಒಂದು ಜೈಲಿನಲ್ಲಿ ಕೊಟ್ಟಿದ್ದು. ಎರಡೂ ಅವಳೇ ಕೊಟ್ಟ ಮಾತು, ಯಾರೂ ಬಲವಂತ ಮಾಡಿರಲಿಲ್ಲ. ದಾರಿಯಲ್ಲಿ ಹೂವಿನಂಗಡಿಯ ಮುಂದೆ ನಿಂತಳು, ಏನನ್ನೂ ಕೊಳ್ಳದೆ ಮುಂದೆ ಹೋದಳು. ದೊಡ್ಡವರೇ ಬದುಕಿದ್ದು ಕೇಳಿದ್ದರೆ ಒಪ್ಪುತ್ತಿದ್ದರು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳಲು ನೋಡಿದಳು. ಸುಳ್ಳು. ಒಪ್ಪುತ್ತಿರಲಿಲ್ಲ. ಎಲ್ಲರೆದುರು ಕೋಲು ಕುಟ್ಟಿ ಹೇಳಿದ್ದರು. ಅವರ ಹೆಸರಲ್ಲಿ ತನಗೆ ತಾನೇ ಅಪ್ಪಣೆ ಕೊಟ್ಟುಕೊಳ್ಳುವ ನಾಚಿಕೆಗೇಡಿ ಕೆಲಸ ತನ್ನಿಂದಾಗದು ಎಂದುಕೊಂಡಳು.

ಹತ್ತು ಗಂಟೆಗೆ ಸಂಘದ ವರಾಂಡದಲ್ಲಿ ಕಾಲಿಡಲು ಜಾಗವಿರಲಿಲ್ಲ. ನೂರೈವತ್ತು ಜನ ವಕೀಲರು, ಎಷ್ಟೋ ಜನರ ಕಣ್ಣು ಕೆಂಪಗೆ. ಸಂಘದ ಜವಾನ ಬೋರ್ಡನ್ನು ಒರೆಸಿ ಒಣಗಿಸಿದ್ದ. ಇನ್ನೂ ನಲವತ್ತು ದಾಟದ ಕಾರ್ಯದರ್ಶಿ, ಚುರುಕು ಮನುಷ್ಯ, ದೊಡ್ಡವರ ಕೊನೆಯ ಜೂನಿಯರ್, ಹೊಸ ಸೀಮೆಸುಣ್ಣವನ್ನು ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಕೊಟ್ಟ.

ಬೇಡಮ್ಮ ಬೋರ್ಡಿನ ಮುಂದೆ ನಿಂತಳು. ಕೈ ಎತ್ತಿದಳು. ಮೊದಲ ಅಕ್ಷರದ ಜಾಗಕ್ಕೆ ಸೀಮೆಸುಣ್ಣದ ತುದಿ ತಾಗಿ ಒಂದು ಚುಕ್ಕೆ ಬಿತ್ತು. ಹಾಗೇ ನಿಂತಳು. ಹಿಂದೆ ಯಾರೋ ಮೂಗು ಸೀಟಿಕೊಂಡರು. ಅವಳು ಕೈ ಇಳಿಸಿ, ಸೆರಗಿನ ತುದಿಯಿಂದ ಆ ಚುಕ್ಕೆಯನ್ನು ಒರೆಸಿ, ಸೀಮೆಸುಣ್ಣವನ್ನು ಚೀಲದಲ್ಲಿ ಹಾಕಿಕೊಂಡಳು.

“ಸಂಜೆ ಐದಕ್ಕೆ ಬರೀತೀನಿ.”

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ.

“ಮೇಡಂ?” ಎಂದ ಕಾರ್ಯದರ್ಶಿ.

“ಅರವತ್ತಮೂರು ಜಾಮೀನು ಅರ್ಜಿ ಇದೆ. ಇವತ್ತು ಆಗ್ಲಿಲ್ಲ ಅಂದ್ರೆ ನಲವತ್ತು ದಿನ ಒಳಗೇ ಕೊಳೀತಾರೆ. ಬೋರ್ಡ್ ಖಾಲಿ ಇದೆ. ಎಲ್ರೂ ನಿಮ್ಮ ನಿಮ್ಮ ಕೋರ್ಟಿಗೆ ಹೋಗಿ.”

ಆಮೇಲೆ ಎದ್ದ ಗದ್ದಲವನ್ನು ಏನೆಂದು ಹೇಳಲಿ! “ಥೂ” ಎಂದವರುಂಟು. “ಅವರು ಸಾಕಿ ಬೆಳೆಸಿದ್ದಕ್ಕೆ ಇದಾ ಪ್ರತಿಫಲ?” ಎಂದವರುಂಟು. “ಹೋದ ವರ್ಷ ಠರಾವಲ್ಲಿ ಸೋತ ಸೇಡು ಹೆಣದ ಮೇಲೆ ತೀರಿಸ್ಕೊಳ್ತಿದಾಳೆ” ಎಂದು ಒಬ್ಬರು ಅವಳಿಗೆ ಕೇಳುವ ಹಾಗೆಯೇ ಹೇಳಿದರು. ಆ ಮಾತು ಅವಳಿಗೆ ತಾಗಿತು. ಕಾರ್ಯದರ್ಶಿ ಅಳುತ್ತಲೇ ಅಡ್ಡ ನಿಂತ.

“ಮೇಡಂ, ಬೇರೆ ಯಾರಾದ್ರೂ ಆಗಿದ್ರೆ ಏನೋ ಅಂದ್ಕೋಬಹುದಿತ್ತು. ದೊಡ್ಡವ್ರು ಮೇಡಂ! ನಿಮ್ಮ ಕೈ ಹಿಡಿದು ಕೇಳಿದ್ರಂತೆ. ಇದು ಅವಮಾನ.”

“ಹೌದಪ್ಪಾ, ಅವಮಾನವೇ. ಇಲ್ಲ ಅನ್ನಲ್ಲ. ಅದು ನನ್ನ ತಲೆ ಮೇಲಿರ್ಲಿ. ನೀನು ಹೋಗು, ನಿಂದೂ ನಾಲ್ಕು ಕೇಸಿದೆ ಪಟ್ಟಿಲಿ.”

ಬೋರ್ಡಿನಲ್ಲಿ ಹೆಸರು ಇಲ್ಲದ ಮೇಲೆ ಹೋಗದೆ ಗತ್ಯಂತರವಿಲ್ಲ. ಬೈಯುತ್ತ, ಕಣ್ಣೊರೆಸಿಕೊಳ್ಳುತ್ತ, ಒಬ್ಬೊಬ್ಬರಾಗಿ ಗೌನು ತೊಟ್ಟು ಹೊರಟರು. ಅವಳಿಗೆ ಮಾತ್ರ ಯಾರೂ ದಾರಿ ಬಿಡಲಿಲ್ಲ. ಭುಜ ತಾಗಿಸಿಕೊಂಡೇ ನಡೆಯಬೇಕಾಯಿತು.

ಜಾಮೀನು ಕೋರ್ಟಿನ ನ್ಯಾಯಾಧೀಶರೂ ಒಂದು ಕಾಲಕ್ಕೆ ದೊಡ್ಡವರ ಬಳಿಯೇ ಪಳಗಿದವರು. ಪೀಠಕ್ಕೆ ಬಂದು ಕೂತಾಗ ಎದುರಿಗೆ ಖಾಲಿ ಕುರ್ಚಿಗಳನ್ನು ನೋಡುತ್ತೇನೆಂದುಕೊಂಡಿದ್ದರೋ ಏನೋ, ಕೋರ್ಟ್ ಹಾಲ್ ತುಂಬಿದ್ದು ಕಂಡು ತಬ್ಬಿಬ್ಬಾದರು. ಮುಂದಿನ ಸಾಲಿನಲ್ಲಿದ್ದ ಅವಳನ್ನು ನೋಡಿದರು.

“ಬೋರ್ಡು?”

“ಬೋರ್ಡು ಖಾಲಿ ಇದೆ, ಸ್ವಾಮಿ.”

ನ್ಯಾಯಾಧೀಶರು ಕನ್ನಡಕ ತೆಗೆದು ಗೌನಿನ ತೋಳಿನಲ್ಲಿ ಒರೆಸಿದರು. ಒರೆಸಿದ್ದನ್ನೇ ಒರೆಸಿದರು. ಆಮೇಲೆ ಬಹಳ ಮೆಲ್ಲಗೆ, ಅವಳೊಬ್ಬಳಿಗೇ ಕೇಳುವಂತೆ, “ವಾಯಿದೆ ಕೊಡಲೇನಮ್ಮಾ?” ಎಂದರು. ಅವಳಿಗೊಂದು ಬಾಗಿಲು ತೆರೆದುಕೊಟ್ಟಿದ್ದರು. ಹೂಂ ಎಂದಿದ್ದರೆ ಅವರು ಎಲ್ಲಾ ಕೇಸುಗಳನ್ನೂ ಮುಂದಕ್ಕೆ ಹಾಕಿ ಎದ್ದುಬಿಡಬಹುದಿತ್ತು, ತಪ್ಪು ಅವಳ ಮೇಲೆ ಬರುತ್ತಿರಲಿಲ್ಲ, ಮೂರು ಗಂಟೆಗೆ ದೊಡ್ಡವರಿಗೆ ಹೆಗಲು ಕೊಡುವವರ ಹಿಂದೆ ನಡೆಯಬಹುದಿತ್ತು.

“ಬೇಡ, ಸ್ವಾಮಿ,” ಎಂದಳು. ಮೂವತ್ತೈದು ವರ್ಷದಲ್ಲಿ ಮೊದಲ ಸಲ ಆ ಮಾತಿಗೆ ಯಾರೂ ನಗಲಿಲ್ಲ.

ಕೇಸುಗಳು ನಡೆದವು. ಊಟಕ್ಕೂ ನ್ಯಾಯಾಧೀಶರು ಏಳಲಿಲ್ಲ. ಮೂವತ್ತೆಂಟನೆಯದು ಬಂದಾಗ ಎರಡು ಮುಕ್ಕಾಲು. ಬೇಡಮ್ಮ ಎದ್ದು, ಪುಸ್ತಕ ಬಿಡಿಸದೆ, ಮಗುವಿನ ಎದೆಯ ಸದ್ದಿನ ಬಗ್ಗೆ ಜೈಲು ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಓದಿದಳು. ಸರ್ಕಾರಿ ವಕೀಲರು ಎದ್ದು ಏನೋ ಹೇಳಲು ಹೋಗಿ, ತಮ್ಮ ಆಕ್ಷೇಪಣೆ ಇಲ್ಲವೆಂದು ಕೂತುಬಿಟ್ಟರು. ಜಾಮೀನು ಆಯಿತು. ಗೋಡೆಯ ಗಡಿಯಾರದಲ್ಲಿ ಮೂರು ಹೊಡೆದಾಗ ನಲವತ್ತನೆಯ ಕೇಸು ನಡೆಯುತ್ತಿತ್ತು. ಅವಳದು ಮುಗಿದಿದ್ದರೂ ಅವಳು ಏಳಲಿಲ್ಲ. ಉಳಿದವರನ್ನೆಲ್ಲ ಅಲ್ಲಿ ಕೂರಿಸಿದವಳೇ ಎದ್ದು ಹೋಗುವುದು ಹೇಗೆ? ಕೂತಲ್ಲೇ ತಲೆ ತಗ್ಗಿಸಿದಳು. ಪಕ್ಕದಲ್ಲಿದ್ದವರು ತಮ್ಮ ಕುರ್ಚಿಯನ್ನು ಒಂದಿಷ್ಟು ದೂರ ಸರಿಸಿಕೊಂಡರು.

ನಾಲ್ಕು ಮುಕ್ಕಾಲಿಗೆ ಪಟ್ಟಿ ಮುಗಿಯಿತು. ಅರವತ್ತಮೂರರಲ್ಲಿ ನಲವತ್ತೊಂದು ಜನಕ್ಕೆ ಬಿಡುಗಡೆ. ಐದಕ್ಕೆ ಬೇಡಮ್ಮ ವರಾಂಡಕ್ಕೆ ಬಂದಾಗ ಅಲ್ಲಿ ಜವಾನನೊಬ್ಬನೇ ಇದ್ದ. ಚೀಲದಿಂದ ಸೀಮೆಸುಣ್ಣ ತೆಗೆದು ಬರೆದಳು, ದುಂಡಗೆ, ಒಂದೊಂದೇ ಅಕ್ಷರ. ಒತ್ತಕ್ಷರದ ಕೊಂಬು ಸರಿಯಾಗಲಿಲ್ಲವೆಂದು ಅಳಿಸಿ ಮತ್ತೆ ಬರೆದಳು. ಅವಳ ಜೊತೆ ಎರಡು ನಿಮಿಷ ಮೌನ ನಿಂತವನು ಜವಾನ ಮಾತ್ರ. ಆಮೇಲೆ ಅವನು ಸಂಘದ ಬಾಗಿಲಿಗೆ ಬೀಗ ಹಾಕಿದ.

ದೊಡ್ಡವರ ಮನೆಯಲ್ಲಿ ಎಲ್ಲಾ ಮುಗಿದು, ಕುರ್ಚಿಗಳನ್ನು ಎತ್ತಿಡುತ್ತಿದ್ದರು. ಅಕ್ಕ ಆಫೀಸಿನ ಕೋಣೆಯಲ್ಲಿ ನೆಲದ ಮೇಲೆ ಕೂತಿದ್ದಳು. ಮಣ್ಣಿಗೆ ಮನೆಯವರು, ನೆಂಟರು, ನೆರೆಯವರು ಬಂದಿದ್ದರಂತೆ. ಕಪ್ಪು ಕೋಟು ಹಾಕಿದ ಒಬ್ಬರೂ ಬಂದಿರಲಿಲ್ಲ.

“ಒಂದು ದಿನ ಕೇಳಿದ್ರು ಕಣೇ,” ಎಂದಳು ಅಕ್ಕ. ದನಿ ಏರಲಿಲ್ಲ. “ಒಂದೇ ಒಂದು ದಿನ. ನಿನ್ನ ಆಸ್ತಿ ಕೇಳಿದ್ರಾ?”

“ಅಕ್ಕಾ...”

“ನಂಗೆ ಬೆಳಿಗ್ಗೆ ಬರೀತೀನಿ ಅಂದೆ. ಹೆಣದ ಮುಂದೆ ಕೂತು ಅಂದೆ. ಆಗಲ್ಲ ಅಂತ ಬಾಯಲ್ಲಿ ಹೇಳಕ್ಕಾಗ್ಲಿಲ್ವಾ ನಿನಗೆ? ಅಷ್ಟು ದೊಡ್ಡ ವಕೀಲೆ ನೀನು.”

ಇಡೀ ದಿನ ತಾನು ಮಾಡಿದ್ದರಲ್ಲಿ ಶುದ್ಧ ತಪ್ಪು ಅದೊಂದೇ ಎಂದು ಬೇಡಮ್ಮನಿಗೇ ಗೊತ್ತಿತ್ತು. ಅಕ್ಕ ಗೋಡೆಯ ಕಡೆ ತಿರುಗಿಕೊಂಡಳು. ಬೇಡಮ್ಮ ಹೊರಗೆ ಬಂದಳು.

ನಲವತ್ತು ದಿನ ಹೇಗೋ ಕಳೆಯಿತು. ಅವಿಶ್ವಾಸ ಠರಾವಿಗೆ ಇನ್ನೂರ ಹನ್ನೆರಡು ಸಹಿ ಬಿದ್ದು, ಕೋರ್ಟು ಮತ್ತೆ ತೆರೆಯುವ ದಿನವೇ ಮಧ್ಯಾಹ್ನ ಒಂದೂವರೆಗೆ ಸಭೆ ಎಂದು ನೋಟೀಸು ಬಂತು. ಮೇಲಿನ ಸಹಿ ಕಾರ್ಯದರ್ಶಿಯದು. ಮನೆಯ ಫೋನು ಸುಮ್ಮನಾಗಿತ್ತು. ಮೇಷ್ಟ್ರು, “ಮೂವತ್ತು ವರ್ಷದಲ್ಲಿ ಮೊದಲ ಸಲ ನಿನ್ನ ಜೊತೆ ಪೂರ್ತಿ ಊಟ ಮಾಡ್ತಿದೀನಿ” ಎಂದು ನಗಿಸಲು ನೋಡಿದ. ಅವಳು ನಗಲಿಲ್ಲ. ಅಕ್ಕನ ಮನೆಗೆ ಎರಡು ಸಲ ಹೋದಳು. ಎರಡು ಸಲವೂ ಮಲಗಿದ್ದಾರೆ ಎಂದರು. ಶನಿವಾರಗಳಲ್ಲಿ ಮಾತ್ರ ಜೈಲಿಗೆ ಹೋಗಿ ಬಂದಳು. ಥಂಡಿ ಗೋಡೆಯ ಆ ಕೋಣೆಯಲ್ಲಿ ಈಗ ಬೇರೆ ಯಾರೋ ಇದ್ದರು.

ಕೋರ್ಟು ತೆರೆದ ದಿನ ಒಂಬತ್ತೂವರೆಗೇ ಹೋದಳು. ಬರೆದ ಕೈಯೇ ಒರೆಸಬೇಕಲ್ಲ. ಸಂಘದ ಒಳಗಿನ ನಲ್ಲಿಯಲ್ಲಿ ಬಟ್ಟೆ ಒದ್ದೆ ಮಾಡಿ, ಹಿಂಡಿ, ಬಾಗಿಲಿಗೆ ಬಂದವಳು ಅಲ್ಲೇ ನಿಂತುಬಿಟ್ಟಳು. ಬೋರ್ಡಿನ ಎದುರು ಬೆಂಚಿನ ಮೇಲೆ ಅಕ್ಕ ಒಬ್ಬಳೇ ಕೂತಿದ್ದಳು. ಜವಾನ ಹಿಂದಿನ ದಿನ ಫೋನು ಮಾಡಿದ್ದನಂತೆ: ಅಮ್ಮಾ, ಸಾಹೇಬ್ರ ಹೆಸರು ನಲವತ್ತು ದಿನದಿಂದ ಹಾಗೇ ಇದೆ, ಇಷ್ಟು ದಿನ ಯಾರದ್ದೂ ಉಳಿದಿಲ್ಲ, ನಾಳೆ ಅಳಿಸ್ತಾರೆ, ಬಂದು ನೋಡ್ಕೊಂಡು ಹೋಗಿ.

ಅಕ್ಕ ಹೆಸರನ್ನೇ ನೋಡುತ್ತಿದ್ದಳು. ಬಾಗಿಲ ಮರೆಯಲ್ಲಿದ್ದ ಬೇಡಮ್ಮ ಅವಳಿಗೆ ಕಾಣುತ್ತಿರಲಿಲ್ಲ.

ಆಗ ಮೆಟ್ಟಿಲು ಹತ್ತಿ ಒಬ್ಬ ಹೆಂಗಸು ಬಂದಳು, ಕೈಯಲ್ಲಿ ತಾರೀಖಿನ ಚೀಟಿ, ಪಕ್ಕದಲ್ಲಿ ಮೂರು ವರ್ಷದ ಹುಡುಗಿ. ಬೇಡಮ್ಮ ಕಂಡ ಕೂಡಲೇ ಗುರುತು ಹಿಡಿದಳು: ಬಟ್ಟೆ ಅಂಗಡಿ ಗುಡಿಸುವವಳು. ಮೊದಲ ವಿಚಾರಣೆ ಇವತ್ತೇ ಇತ್ತು. ಹುಡುಗಿ ಅಮ್ಮನ ಕೈ ಬಿಡಿಸಿಕೊಂಡು ಓಡಿ ಬೋರ್ಡಿನ ಮೇಲೆ ಬೆರಳಿಡಲು ಹೋದಳು.

“ಮುಟ್ಟಬೇಡ ಪುಟ್ಟಾ, ಅಳಿಸಿಹೋಗುತ್ತೆ,” ಎಂದಳು ಅಕ್ಕ.

ತಾಯಿ ಓಡಿಬಂದು ಮಗುವನ್ನು ಎಳೆದುಕೊಂಡಳು. “ತಪ್ಪಾಯ್ತಮ್ಮಾ. ನಂಗೆ ಓದೋಕೆ ಬರಲ್ಲ. ಏನ್ ಬರೆದಿದೆ ಅಲ್ಲಿ?”

“ನಮ್ಮ ಯಜಮಾನ್ರ ಹೆಸರು. ವಕೀಲರಾಗಿದ್ರು. ಹೋಗಿಬಿಟ್ರು.”

“ಅಯ್ಯೋ ಪಾಪ. ಯಾವಾಗ?”

“ಕೋರ್ಟಿಗೆ ರಜಾ ಕೊಡೋ ಹಿಂದಿನ ದಿನ. ಶುಕ್ರವಾರ.”

ಹೆಂಗಸು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. “ಅವತ್ತೇನಾ? ಅವತ್ತೇ ನಮ್ಮನ್ನ ಬಿಟ್ಟಿದ್ದು, ಅಮ್ಮಾ.”

ಬೇಡಮ್ಮನ ಕೈಯಲ್ಲಿದ್ದ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅಕ್ಕ ಮಗುವಿನ ಕಡೆ ತಿರುಗಿದಳು.

“ನಮ್ಮನ್ನ ಅಂದ್ರೆ? ಮಗುನೂ ಒಳಗಿತ್ತಾ?”

“ಎಂಟು ತಿಂಗಳು ಇದ್ಲು. ಎದೇಲಿ ಕಫ ಕಟ್ಟಿ ಉಸಿರಾಡಕ್ಕೇ ಆಗ್ತಿರ್ಲಿಲ್ಲ. ಈಗ ನೋಡಿ, ನಿಲ್ಲಿಸಿದ ಕಡೆ ನಿಲ್ಲಲ್ಲ.”

ಅಕ್ಕ ಮಗುವಿನ ಎದೆಯ ಮೇಲೆ ಅಂಗೈ ಇಟ್ಟಳು. ಅದರ ಉಸಿರು ಸರಾಗವಾಗಿತ್ತು. ಹಾಗೇ ಕೈ ಇಟ್ಟುಕೊಂಡೇ ಬೋರ್ಡಿನ ಕಡೆ ನೋಡಿದಳು, ಆಮೇಲೆ ಬೆಂಚಿನ ಮೇಲೆ ಸರಿದು ಅವರಿಬ್ಬರಿಗೂ ಜಾಗ ಮಾಡಿದಳು. “ಕೂತ್ಕೋ. ನಿಂತೇ ಇದೀಯಲ್ಲ.”

ಅಕ್ಕ ತಲೆ ಎತ್ತಿದಾಗ ಬಾಗಿಲಲ್ಲಿ ಬೇಡಮ್ಮ ಕಂಡಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಕ್ಕನ ಕಣ್ಣಿನಲ್ಲಿ ಸಿಟ್ಟು ಇನ್ನೂ ಇತ್ತು, ಅದನ್ನು ಅವಳು ಮುಚ್ಚಿಕೊಳ್ಳಲೂ ಇಲ್ಲ.

“ಅಲ್ಲೇನ್ ನಿಂತಿದೀಯ?” ಎಂದಳು. “ಹತ್ತು ಗಂಟೆ ಆಯ್ತು. ಒರೆಸು. ಪಾಪ, ಇವರೆಲ್ಲಾ ಕಾಯ್ತಿದಾರೆ.”

ಬೇಡಮ್ಮ ಮುಂದೆ ಬಂದು ಕೊನೆಯ ಅಕ್ಷರದಿಂದ ಶುರುಮಾಡಿದಳು. ನಲವತ್ತು ದಿನದ ಸುಣ್ಣ ಹಿಡಿದುಕೊಂಡಿತ್ತು, ಒತ್ತಿ ಒತ್ತಿ ಒರೆಸಬೇಕಾಯಿತು. ಕಣ್ಣು ಮಂಜಾಗಿ ಅಕ್ಷರ ಕಾಣದಾದಾಗ ಕೈಯಿಂದ ತಡವಿ ಒರೆಸಿದಳು. ಬೋರ್ಡು ಖಾಲಿಯಾದ ಮೇಲೆ ಗೌನು ಸರಿಮಾಡಿಕೊಂಡು, ಆ ಹೆಂಗಸನ್ನೂ ಮಗುವನ್ನೂ ಕರೆದುಕೊಂಡು ಕೋರ್ಟ್ ಹಾಲಿಗೆ ಹೋದಳು.